ನರ ಹಿಡಿದು ಹೋಗುವ ಹೊಟ್ಟೆ ಕ್ಯಾನ್ಸರ್: ದಾರಿ ತೋರಿಸುವುದು ಯಾರು?

ಹೊಟ್ಟೆಯ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಪೆಥಾಲಜಿ ರಿಪೋರ್ಟ್ ಕೈಗೆ ಬರುತ್ತದೆ. ಗಡ್ಡೆ ಎಷ್ಟು ದೊಡ್ಡದಿತ್ತು, ಜಠರದ ಗೋಡೆಯಲ್ಲಿ ಎಷ್ಟು ಆಳ ಇಳಿದಿತ್ತು, ಸೋಂಕು ತಡೆಯುವ ಸಣ್ಣ ಗಂಟುಗಳಾದ ಎಷ್ಟು ಲಿಂಫ್ ನೋಡ್‌ಗಳಲ್ಲಿ ಸಿಕ್ಕಿತು ಅನ್ನುವುದೆಲ್ಲ ಮುಗಿದ ಮೇಲೆ ಕೆಳಗೆಲ್ಲೋ ಒಂದು ಸಾಲು ಇರುತ್ತದೆ: ಪೆರಿನ್ಯೂರಲ್ ಇನ್ವೇಷನ್, ಪ್ರೆಸೆಂಟ್. ಅಂದರೆ ಕ್ಯಾನ್ಸರ್ ಕೋಶಗಳು ನರದ ಸುತ್ತ ಅಥವಾ ನರದ ಒಳಗೇ ಸೇರಿಕೊಂಡಿವೆ. ಬಹಳ ಸಲ ಈ ಸಾಲಿನ ಬಗ್ಗೆ ಯಾರೂ ಬಿಡಿಸಿ ಹೇಳಿರುವುದಿಲ್ಲ. ಮನೆಗೆ ಬಂದು ಓದಿದವರ ಎದೆ ಧಸಕ್ ಅನ್ನುತ್ತದೆ. ನರಕ್ಕೆ ಬಂತು ಅಂದರೆ ಬೆನ್ನುಹುರಿಗೆ, ಮೆದುಳಿಗೆ ಹತ್ತಿಬಿಡುತ್ತಾ?

ಆ ಸಾಲಿನ ಅರ್ಥ ಅದಲ್ಲ. ಜಠರದ ವಿಷಯದಲ್ಲಿ ಈ ಮಾತು ಬರುವುದು ಹೆಚ್ಚಾಗಿ ಗೋಡೆಯೊಳಗಿನ ಕೂದಲೆಳೆಗಿಂತ ಸಣ್ಣ ನರದ ಕವಲುಗಳ ಬಗ್ಗೆ. ಮೈಕ್ರೋಸ್ಕೋಪ್ ಇಲ್ಲದೆ ಅವು ಕಾಣುವುದೇ ಇಲ್ಲ. ಅಲ್ಲಿಂದ ಹೊರಟು ನರದೊಳಗೇ ತೆವಳಿಕೊಂಡು ಮೆದುಳಿಗೆ ಹೋಗಿ ಸೇರುವುದು ಈ ಕ್ಯಾನ್ಸರ್‌ನ ರೂಢಿಯಲ್ಲ. ಹಾಗಂತ ಸುಮ್ನೆ ಬಿಟ್ಟುಬಿಡುವ ಸಾಲೂ ಅಲ್ಲ. ಯಾಕೆ ಅನ್ನುವುದು ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತಿದೆ. ನನಗೆ ಕಾಣುವಂತೆ ಕ್ಯಾನ್ಸರ್ ಸಂಶೋಧನೆಯ ಈಗಿನ ಕುತೂಹಲದ ಕಥೆಗಳಲ್ಲಿ ಇದೂ ಒಂದು.

ಮೊದಲು ಒಂದು ಸಣ್ಣ ಎಚ್ಚರಿಕೆ. ರಿಪೋರ್ಟಿನಲ್ಲಿ ಇದನ್ನು ಚುಟುಕಾಗಿ ಪಿ ಮತ್ತು ಎನ್ ಅಕ್ಷರಗಳಲ್ಲಿ ಬರೆಯುತ್ತಾರೆ, ಪಕ್ಕದಲ್ಲಿ 0 ಅಥವಾ 1. ಲಿಂಫ್ ನೋಡ್‌ಗಳ ಲೆಕ್ಕಕ್ಕೂ ಅವೇ ಎರಡು ಅಕ್ಷರ! ಎನ್ ದೊಡ್ಡಕ್ಷರವಾಗಿದ್ದರೆ ಅದು ನೋಡ್, ಪಿ ದೊಡ್ಡಕ್ಷರವಾಗಿದ್ದರೆ ನರ. ಒಂದನ್ನು ಇನ್ನೊಂದು ಅಂದುಕೊಂಡು ಗಾಬರಿಯಾಗುವವರೂ, ಸಮಾಧಾನ ಪಟ್ಟುಕೊಳ್ಳುವವರೂ ಇರಬಹುದು.

ಈಗ ಜಠರದೊಳಗೆ ಹೋಗೋಣ. ಇದರ ಗೋಡೆ ಪದರ ಪದರವಾಗಿದೆ. ಒಳಗಡೆ ಆಮ್ಲ ಸುರಿಸುವ ಲೋಳೆಪೊರೆ, ಅದರ ಕೆಳಗೆ ಮೆತ್ತನೆಯ ಒಂದು ಪದರ, ಆಮೇಲೆ ಸ್ನಾಯು, ಹೊರಗೆ ತೆಳುವಾದ ಹೊದಿಕೆ. ಈ ಪದರಗಳ ಮಧ್ಯೆ ಎರಡು ನರಜಾಲಗಳಿವೆ. ಲೋಳೆಪೊರೆಯ ಕೆಳಗಿರುವುದು ಮೀಸ್ನರ್ ಜಾಲ, ಸ್ನಾಯುವಿನ ಪದರಗಳ ನಡುವೆ ಇರುವುದು ಆವರ್‌ಬಾಕ್ ಜಾಲ. ಹೊರಗಿನಿಂದ, ಮೆದುಳಿನ ಕಡೆಯಿಂದ ಇಳಿಯುವ ವೇಗಸ್ ನರ ಬಂದು ಸೇರುತ್ತದೆ, ಬೆನ್ನುಹುರಿಯ ಕಡೆಯಿಂದ ನೋವು ತಿಳಿಸುವ ನರಗಳೂ ಬರುತ್ತವೆ. ಒಟ್ಟಿನಲ್ಲಿ ಜಠರದ ಗೋಡೆ ಅಂದರೆ ನರಗಳೇ ತುಂಬಿಕೊಂಡಿರುವ ಜಾಗ. ಕ್ಯಾನ್ಸರ್ ಹುಟ್ಟುವುದು ಲೋಳೆಪೊರೆಯಲ್ಲಿ. ಅಲ್ಲಿಂದ ಕೆಳಕ್ಕೆ ಇಳಿದಷ್ಟೂ ಒಂದೊಂದೇ ನರಜಾಲ ಎದುರಾಗುತ್ತಾ ಹೋಗುತ್ತದೆ. ಆಳಕ್ಕೆ ಹೋದ ಗಡ್ಡೆಗಳಲ್ಲಿ ನರಕ್ಕೆ ತಗುಲಿರುವುದು ಜಾಸ್ತಿ ಕಾಣುವುದಕ್ಕೆ ಇದು ನೇರವಾದ ಕಾರಣ.

ಈ ಕ್ಯಾನ್ಸರ್ ಹರಡಲು ಬೇರೆ ದಾರಿಗಳೂ ಇವೆ, ಅವು ಹೆಚ್ಚು ಪರಿಚಿತ. ಪಕ್ಕದ ಅಂಗಕ್ಕೆ ನೇರವಾಗಿ ಅಂಟಿಕೊಳ್ಳುವುದು, ಲಿಂಫ್ ನೋಡ್‌ಗಳಿಗೆ ಹೋಗುವುದು, ರಕ್ತದ ಮೂಲಕ ಲಿವರ್ ಸೇರುವುದು, ಗೋಡೆ ದಾಟಿ ಹೊರಗೆ ಬಿದ್ದು ಹೊಟ್ಟೆಯ ಒಳಪದರದ ಮೇಲೆಲ್ಲ ಬಿತ್ತಿದ ಹಾಗೆ ಹರಡುವುದು. ನರದ ದಾರಿ ಇವುಗಳ ಜೊತೆಗೆ ಸೇರಿಕೊಳ್ಳುವ ಇನ್ನೊಂದು. ಇಲ್ಲಿ ದೂರದ ಪ್ರಯಾಣ ಕಡಿಮೆ. ಆದರೆ ಗಡ್ಡೆಯ ಅಂಚು ಇಲ್ಲಿಗೆ ಮುಗಿಯಿತು ಅಂತ ಕಣ್ಣಿಗೆ ಕಂಡ ಕಡೆಯಿಂದ ಆಚೆಗೂ ಕೆಲವು ಕೋಶಗಳು ನರದ ಜೊತೆ ಸದ್ದಿಲ್ಲದೆ ಮುಂದೆ ಹೋಗಿರಬಹುದು. ಸರ್ಜನ್‌ಗೆ ತಲೆನೋವು ಇದೇ. ಎಲ್ಲಿ ಕತ್ತರಿಸಬೇಕು ಅಂತ ಅವರು ನಿರ್ಧರಿಸುವುದು ಕೈಗೆ ಸಿಗುವ, ಕಣ್ಣಿಗೆ ಕಾಣುವ ಅಂಚನ್ನು ನೋಡಿ.

ಸರಿ, ನರದ ಪಕ್ಕ ಒಂದೆರಡು ಕ್ಯಾನ್ಸರ್ ಕೋಶ ಕಂಡರೆ ಸಾಕಾ? ಸಾಲದು. ನರಕ್ಕೆ ಮೂರು ಪದರದ ಕವಚ ಇರುತ್ತದೆ. ಆ ಪದರಗಳ ಒಳಗೆ ಕ್ಯಾನ್ಸರ್ ಕೋಶ ಸಿಕ್ಕಿರಬೇಕು, ಅಥವಾ ಗಡ್ಡೆ ನರಕ್ಕೆ ಅಂಟಿಕೊಂಡು ಅದರ ಸುತ್ತಳತೆಯ ಮೂರನೇ ಒಂದು ಭಾಗವನ್ನಾದರೂ ಬಳಸಿಕೊಂಡಿರಬೇಕು. 2009ರಲ್ಲಿ ಮುಂದಿಟ್ಟ ಈ ಅಳತೆಯನ್ನೇ ಈಗ ಬಹಳ ಕಡೆ ಬಳಸುತ್ತಾರೆ. ಆದರೂ ನೋಡುವ ಕಣ್ಣಿನ ಮೇಲೆ ಫಲಿತಾಂಶ ಬದಲಾಗುತ್ತದೆ. ಮಾಮೂಲಿ ಬಣ್ಣ ಹಾಕಿದ ಸ್ಲೈಡಿನಲ್ಲಿ ಸಣ್ಣ ನರ ಗಡ್ಡೆಯ ಮಧ್ಯೆ ಕಳೆದುಹೋಗಿರುತ್ತದೆ. ಎಸ್-100 ಅನ್ನುವ ವಿಶೇಷ ಬಣ್ಣ ಹಾಕಿದರೆ ನರ ಎದ್ದು ಕಾಣುತ್ತದೆ, ಆಗ ಪಾಸಿಟಿವ್ ಬರುವವರ ಸಂಖ್ಯೆಯೂ ಏರುತ್ತದೆ. 2014ರಲ್ಲಿ 24 ಅಧ್ಯಯನಗಳ 30 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಟ್ಟುಗೂಡಿಸಿ ನೋಡಿದಾಗ, ನರಕ್ಕೆ ತಗುಲಿದ್ದವರ ಪ್ರಮಾಣ ಒಂದು ಕಡೆ ಶೇ. 7ರ ಆಸುಪಾಸು ಇದ್ದರೆ ಇನ್ನೊಂದು ಕಡೆ ಶೇ. 75ರಷ್ಟಿತ್ತು. ಮಧ್ಯದ ಅಂಕಿ ಸುಮಾರು ಶೇ. 40. ಇಷ್ಟು ದೊಡ್ಡ ಅಂತರಕ್ಕೆ ರೋಗ ಯಾವ ಹಂತದಲ್ಲಿತ್ತು ಅನ್ನುವುದೂ ಕಾರಣ, ಯಾರು ಎಷ್ಟು ಹುಡುಕಿದರು ಅನ್ನುವುದೂ ಕಾರಣ. ಹಾಗಾಗಿ ರಿಪೋರ್ಟಿನಲ್ಲಿ 'ಕಂಡಿಲ್ಲ' ಅಂತಿದ್ದರೆ 'ಇಲ್ಲವೇ ಇಲ್ಲ' ಅಂತ ಓದಿಕೊಳ್ಳಬೇಕಾಗಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇತ್ತು. ನರಕ್ಕೆ ತಗುಲಿದ್ದವರಲ್ಲಿ ರೋಗ ಮರಳುವುದು, ಬದುಕುವ ಅವಧಿ ಕಡಿಮೆಯಾಗುವುದು ಜಾಸ್ತಿ. ಆಳ, ಲಿಂಫ್ ನೋಡ್ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೂ ಆ ವ್ಯತ್ಯಾಸ ಉಳಿಯಿತು. ಇದು ಗುಂಪಿನ ಲೆಕ್ಕ. ಒಬ್ಬ ವ್ಯಕ್ತಿಯ ಭವಿಷ್ಯ ಅದರಿಂದ ಗೊತ್ತಾಗುವುದಿಲ್ಲ.

ಈಗ ಅಸಲು ಪ್ರಶ್ನೆಗೆ ಬರೋಣ. ಕ್ಯಾನ್ಸರ್ ನರದ ಕಡೆಗೇ ಯಾಕೆ ಹೋಗುತ್ತದೆ? ನರದ ಕವಚದಲ್ಲಿ ಲಿಂಫ್ ನಾಳಗಳಿವೆ, ಅದರಲ್ಲಿ ತೇಲಿಕೊಂಡು ಹೋಗುತ್ತವೆ ಅಂತ ಬಹಳ ಕಾಲ ನಂಬಿದ್ದರು. ಅಲ್ಲಿ ಅಂಥ ನಾಳಗಳೇ ಇಲ್ಲ ಅಂತ 1960ರ ದಶಕದಲ್ಲಿ ಗೊತ್ತಾಯಿತು. ಆಮೇಲೆ ಬಂದ ವಿವರಣೆ, ಅಡ್ಡಿ ಕಡಿಮೆ ಇರುವ ಕಡೆ ನುಗ್ಗುತ್ತವೆ ಅಷ್ಟೇ ಅನ್ನುವುದು, ಬಳ್ಳಿ ಬೇಲಿ ಹಿಡಿದು ಹಬ್ಬುವ ಹಾಗೆ. ಕೇಳಲು ಚೆನ್ನಾಗಿದೆ. ಆದರೆ ನರದ ಕವಚ ಸಡಿಲವಾದ ಜಾಗ ಅಲ್ಲವೇ ಅಲ್ಲ. ಮಧ್ಯದ ಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದುಕೊಂಡಿರುತ್ತವೆ, ಹೊರಗಿನದೇನೂ ಒಳಗೆ ಬರಬಾರದು ಅಂತಲೇ ಇರುವ ತಡೆ ಅದು. ಸುಲಭದ ದಾರಿಯೇ ಬೇಕಿದ್ದರೆ ಪಕ್ಕದಲ್ಲಿ ಬೇಕಾದಷ್ಟು ಸಡಿಲ ಅಂಗಾಂಶ ಇತ್ತಲ್ಲ!

ಉತ್ತರದ ಸುಳಿವು ಮಾತ್ರ ಎಷ್ಟೋ ಹಿಂದೆಯೇ ಸಿಕ್ಕಿತ್ತು, ಅದೂ ಬೇರೇನೋ ಹುಡುಕುತ್ತಿದ್ದವರಿಗೆ. 1940ರ ದಶಕದ ಕೊನೆಯಲ್ಲಿ ಕೋಳಿಯ ಭ್ರೂಣಕ್ಕೆ ಇಲಿಯ ಒಂದು ಗಡ್ಡೆಯನ್ನು ಕಸಿ ಮಾಡಿ ನೋಡಿದರು. ನರಗಳು ಹುಚ್ಚೆದ್ದು ಬೆಳೆದು ಗಡ್ಡೆಯೊಳಗೆ ನುಗ್ಗಿದವು. ಇಟಲಿಯ ವಿಜ್ಞಾನಿ ರೀಟಾ ಲೆವಿ-ಮೊಂಟಾಲ್ಚಿನಿ ಇದರ ಬೆನ್ನು ಹತ್ತಿದರು. ಗಡ್ಡೆ ಏನೋ ಒಂದು ವಸ್ತುವನ್ನು ಹೊರಗೆ ಬಿಡುತ್ತಿದೆ, ನರಗಳು ಬೆಳೆಯುತ್ತಿರುವುದು ಅದರಿಂದ ಅಂತ ತೋರಿಸಿದರು. ಆ ವಸ್ತುವೇ ನರ್ವ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಎನ್‌ಜಿಎಫ್. 1986ರಲ್ಲಿ ಅವರಿಗೂ ಅವರ ಜೊತೆ ಕೆಲಸ ಮಾಡಿದ ಸ್ಟ್ಯಾನ್ಲಿ ಕೋಹೆನ್ ಅವರಿಗೂ ನೊಬೆಲ್ ಬಂತು. ನರಗಳನ್ನು ಬೆಳೆಸುವ ವಸ್ತುವಿನ ಮೊದಲ ಸುಳಿವು ಸಿಕ್ಕಿದ್ದೇ ಒಂದು ಗಡ್ಡೆಯಲ್ಲಿ, ಆದರೂ ಕ್ಯಾನ್ಸರ್ ಮತ್ತು ನರದ ಸಂಬಂಧ ದೊಡ್ಡ ವಿಷಯವಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು. ಎಲ್ಲರೂ ರಕ್ತನಾಳದ ಹಿಂದೆ, ಜೀನ್‌ಗಳ ಹಿಂದೆ ಓಡುತ್ತಿದ್ದ ಕಾಲ ಅದು ಅಂತ ಕಾಣುತ್ತದೆ.

ಈಗ ತಿಳಿದಿರುವುದು ಹೀಗಿದೆ. ಗಡ್ಡೆ ಎನ್‌ಜಿಎಫ್‌ನಂಥ ವಸ್ತುಗಳನ್ನು ಬಿಟ್ಟು ನರಗಳನ್ನು ತನ್ನತ್ತ ಕರೆಯುತ್ತದೆ. ಹತ್ತಿರ ಬಂದ ನರ ತನ್ನ ಸಂಕೇತ ರಾಸಾಯನಿಕಗಳನ್ನು ಬಿಡುತ್ತದೆ, ಅವು ಕ್ಯಾನ್ಸರ್ ಕೋಶಗಳಿಗೆ ಬೆಳೆಯಲು, ಚಲಿಸಲು ಉತ್ತೇಜನ ಕೊಡುತ್ತವೆ. ಬೆಳೆದ ಗಡ್ಡೆ ಇನ್ನಷ್ಟು ಎನ್‌ಜಿಎಫ್ ಬಿಡುತ್ತದೆ. ಈ ಸುತ್ತು ನಿಲ್ಲುವುದಿಲ್ಲ. ನಡುವೆ ಶ್ವಾನ್ ಕೋಶಗಳ ಪಾತ್ರವೂ ಇದೆ. ನರದ ಎಳೆಗಳನ್ನು ಸುತ್ತಿಕೊಂಡು ಕಾಯುವ, ನರಕ್ಕೆ ಪೆಟ್ಟಾದಾಗ ರಿಪೇರಿಗೆ ಓಡುವ ಕೋಶಗಳಿವು. ಪ್ರಯೋಗಾಲಯದಲ್ಲಿ ಬೇರೆ ಬೇರೆ ಕ್ಯಾನ್ಸರ್ ಕೋಶಗಳ ಪಕ್ಕ ಇವನ್ನು ಇಟ್ಟು ನೋಡಿದಾಗ, ಶ್ವಾನ್ ಕೋಶಗಳು ತಾವೇ ಹೋಗಿ ಕ್ಯಾನ್ಸರ್ ಕೋಶಗಳನ್ನು ಮುಟ್ಟಿ, ಗುಂಪಿನಿಂದ ಬಿಡಿಸಿ, ನರದ ಕಡೆಗೆ ಕರೆದುಕೊಂಡು ಬರುವುದು ಕಂಡಿತು. ರಿಪೇರಿಗೆ ಅಂತ ಇರುವ ವ್ಯವಸ್ಥೆಯನ್ನೇ ಕ್ಯಾನ್ಸರ್ ತನ್ನ ಕೆಲಸಕ್ಕೆ ಹಚ್ಚಿಕೊಂಡಿದೆ.

ಜಠರದಲ್ಲಿ ಇದನ್ನು ಗಟ್ಟಿಯಾಗಿ ತೋರಿಸಿದ್ದು 2014ರಲ್ಲಿ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಿಮೋತಿ ವಾಂಗ್ ಮತ್ತು ನಾರ್ವೆಯ ಟ್ರಾಂಡ್‌ಹೈಮ್‌ನ ದುವಾನ್ ಚೆನ್ ಅವರ ತಂಡಗಳು. ಜಠರ ಕ್ಯಾನ್ಸರ್ ಬರುವಂಥ ಇಲಿಗಳಲ್ಲಿ ವೇಗಸ್ ನರವನ್ನು ಕತ್ತರಿಸಿದರು. ಗಡ್ಡೆಗಳು ಕಡಿಮೆಯಾದವು. ಒಂದೇ ಬದಿಯ ಕವಲನ್ನು ಕತ್ತರಿಸಿದರೆ ಆ ಬದಿಯಲ್ಲಿ ಮಾತ್ರ ಕಡಿಮೆಯಾದವು. ಒಂದೇ ಜಠರದ ಎರಡು ಬದಿಯನ್ನು ಹೋಲಿಸಬಹುದಾದ್ದರಿಂದ ನನಗೆ ಈ ಪ್ರಯೋಗದಲ್ಲಿ ಬಹಳ ಹಿಡಿಸಿದ ಭಾಗ ಇದೇ. ಕತ್ತರಿಸುವ ಬದಲು ಬೊಟಾಕ್ಸ್ ಚುಚ್ಚಿ ನರದ ಸಂಕೇತ ನಿಲ್ಲಿಸಿದರೂ ಪರಿಣಾಮ ಕಂಡಿತು. ಹೌದು, ಸುಕ್ಕು ತೆಗೆಯಲು ಹಾಕಿಸಿಕೊಳ್ಳುವ ಅದೇ ಬೊಟಾಕ್ಸ್. ಅದು ಅಸೆಟೈಲ್‌ಕೋಲಿನ್ ಅನ್ನುವ ನರದ ಸಂಕೇತ ರಾಸಾಯನಿಕ ಬಿಡುಗಡೆಯಾಗದಂತೆ ತಡೆಯುತ್ತದೆ. ಈ ಅಸೆಟೈಲ್‌ಕೋಲಿನ್ ತಗುಲಿದಾಗ ಜಠರದ ಕೋಶಗಳೇ ಎನ್‌ಜಿಎಫ್ ತಯಾರಿಸುತ್ತವೆ, ಎನ್‌ಜಿಎಫ್ ಜಾಸ್ತಿ ಮಾಡಿದರೆ ನರಗಳೂ ಗಡ್ಡೆಗಳೂ ಜಾಸ್ತಿಯಾಗುತ್ತವೆ ಅಂತ 2017ರಲ್ಲಿ ಇನ್ನೊಂದು ಪ್ರಯೋಗ ತೋರಿಸಿತು.

2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ವಾಂಗ್ ತಂಡದ್ದೇ ಇನ್ನೊಂದು ಕೆಲಸ ಪ್ರಕಟವಾಯಿತು. ಈ ಸಲ ಅವರು ನೋಡಿದ್ದು ನೋವನ್ನು ತಿಳಿಸುವ ನರಗಳನ್ನು. ಇಲಿಗಳ ಜಠರದ ಗಡ್ಡೆಯಲ್ಲಿ ಈ ನರಗಳು ಕ್ಯಾನ್ಸರ್ ಕೋಶಗಳ ಜೊತೆ ನೇರ ಸಂಪರ್ಕ ಬೆಳೆಸಿಕೊಂಡಿದ್ದವು, ಎರಡರ ಮಧ್ಯೆ ವಿದ್ಯುತ್ ಸಂಕೇತಗಳ ಓಡಾಟವೇ ನಡೆದಿತ್ತು. ನರದ ತುದಿಯಿಂದ ಸಿಜಿಆರ್‌ಪಿ ಅನ್ನುವ ಪುಟ್ಟ ಪ್ರೋಟೀನ್ ಹೊರಬೀಳುತ್ತದೆ, ಅದನ್ನು ಹಿಡಿಯುವ ರಿಸೆಪ್ಟರ್ ಕ್ಯಾನ್ಸರ್ ಕೋಶದ ಮೇಲಿದೆ. ಈ ನರಗಳನ್ನು ಬೇಕಂತಲೇ ಚುರುಕು ಮಾಡಿದರೆ ಗಡ್ಡೆ ಬೆಳೆದು ಬೇರೆ ಕಡೆ ಹರಡಿತು. ಸಿಜಿಆರ್‌ಪಿಯನ್ನು ತಡೆದರೆ ಗಡ್ಡೆ ಕುಗ್ಗಿತು, ಹರಡುವುದು ತಗ್ಗಿತು, ಇಲಿಗಳು ಜಾಸ್ತಿ ದಿನ ಬದುಕಿದವು. ಸಿಜಿಆರ್‌ಪಿ ತಡೆಯುವ ಔಷಧಿಗಳು ಆಗಲೇ ಅಂಗಡಿಯಲ್ಲಿವೆ, ಮೈಗ್ರೇನ್‌ಗೆ ಅಂತ.

ಸುದ್ದಿ ಹರಡಲು ಇಷ್ಟು ಸಾಕಲ್ವಾ? 'ತಲೆನೋವಿನ ಮಾತ್ರೆಯಿಂದ ಕ್ಯಾನ್ಸರ್ ಮಾಯ' ಅನ್ನುವಂಥ ಶೀರ್ಷಿಕೆ ತಾನಾಗಿ ಹುಟ್ಟುತ್ತದೆ. ಸ್ವಲ್ಪ ತಡೆಯೋಣ. ಇದು ಇಲಿಗಳಲ್ಲಿ ಕಂಡದ್ದು. ಅಲ್ಲದೆ ನರವನ್ನು ತಡೆದರೆ ಒಳ್ಳೆಯದೇ ಆಗುತ್ತದೆ ಅನ್ನುವುದು ಎಲ್ಲ ಅಂಗಕ್ಕೂ ಹೊಂದುವುದಿಲ್ಲ. 2018ರಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಲ್ಲಿ ಇದೇ ವೇಗಸ್ ನರವನ್ನು ಕತ್ತರಿಸಿದಾಗ ಗಡ್ಡೆ ಇನ್ನೂ ಬೇಗ ಬೆಳೆಯಿತು. ಅಲ್ಲಿ ಆ ನರ ಬ್ರೇಕ್ ಹಾಕುತ್ತಿತ್ತು. ಜಠರದ ಪಕ್ಕದಲ್ಲೇ ಇರುವ ಅಂಗ, ಅದೇ ನರ, ಪರಿಣಾಮ ಮಾತ್ರ ಪೂರಾ ಉಲ್ಟಾ. ಜಠರಕ್ಕೆ ಒಳ್ಳೆಯದಾಗಲಿ ಅಂತ ಇಡೀ ವೇಗಸ್ ನರಕ್ಕೆ ಕೈ ಹಾಕುವ ಮೊದಲು ಇದನ್ನು ನೆನಪಿಡಬೇಕು.

ಮನುಷ್ಯರಲ್ಲಿ ವೇಗಸ್ ಕತ್ತರಿಸುವುದು ಹೊಸದೇನಲ್ಲ. ಹುಣ್ಣಿಗೆ ಆಮ್ಲವೇ ಕಾರಣ ಅಂತ ನಂಬಿದ್ದ ದಿನಗಳಲ್ಲಿ, 1943ರಿಂದ ಅಮೆರಿಕದ ಸರ್ಜನ್ ಲೆಸ್ಟರ್ ಡ್ರಾಗ್‌ಸ್ಟೆಡ್ ಈ ಆಪರೇಷನ್ ಶುರುಮಾಡಿ ಹೆಸರು ಮಾಡಿದರು. ಆಮ್ಲ ಕಡಿಮೆಯಾಗುತ್ತಿತ್ತು, ನಿಜ. ಜೊತೆಗೆ ಜಠರ ಖಾಲಿಯಾಗದೆ ತುಂಬಿಕೊಂಡೇ ಇರುವುದು, ಭೇದಿ ಎಲ್ಲ ಅಂಟಿಕೊಳ್ಳುತ್ತಿತ್ತು. ಆಮೇಲೆ ಒಳ್ಳೆಯ ಮಾತ್ರೆಗಳು ಬಂದವು, ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಸಿಕ್ಕಿತು, ಆಪರೇಷನ್ ಮೂಲೆ ಸೇರಿತು. ಎನ್‌ಜಿಎಫ್ ತಡೆಯುವ ದಾರಿಯೂ ಸಲೀಸಾಗಿಲ್ಲ. ಟನೆಜುಮ್ಯಾಬ್ ಅನ್ನುವ ಅಂಥ ಔಷಧಿಯನ್ನು ಕೀಲುನೋವಿಗೆ ಅಂತ ವರ್ಷಗಟ್ಟಲೆ ಪರೀಕ್ಷಿಸಿದರು. ನೋವು ತಗ್ಗಿತು, ಆದರೆ ಕೆಲವರ ಕೀಲುಗಳೇ ಹಾಳಾದವು. 2021ರಲ್ಲಿ ಅದನ್ನು ಕೈಬಿಟ್ಟರು. ನರಗಳಿಗೆ ಮೈಯಲ್ಲಿ ಬೇರೆ ನೂರು ಕೆಲಸ ಇದೆ, ಒಂದನ್ನು ತಡೆಯಲು ಹೋದರೆ ಉಳಿದವೂ ಅಲ್ಲಾಡುತ್ತವೆ.

ಇನ್ನೊಂದು ತೊಡಕು ಸಮಯದ್ದು. ಇಲಿಗಳಲ್ಲಿ ನರ ಕತ್ತರಿಸುವುದನ್ನು ಗಡ್ಡೆ ಹುಟ್ಟುವ ಮೊದಲೇ ಮಾಡಬಹುದು. ಮನುಷ್ಯರಲ್ಲಿ ಹೊಟ್ಟೆಯ ಕ್ಯಾನ್ಸರ್ ಗೊತ್ತಾಗುವುದೇ ಹೆಚ್ಚಾಗಿ ತಡವಾಗಿ. ದೇಶದೇಶಗಳ ಕ್ಯಾನ್ಸರ್ ಅಂಕಿಅಂಶ ಕೂಡಿಸುವ ಗ್ಲೋಬೋಕಾನ್ ಕೊಟ್ಟ 2022ರ ಲೆಕ್ಕದಂತೆ ಜಗತ್ತಿನಲ್ಲಿ ಆ ವರ್ಷ ಸುಮಾರು 9.7 ಲಕ್ಷ ಜನರಿಗೆ ಹೊಸದಾಗಿ ಈ ಕಾಯಿಲೆ ಬಂತು, ಸುಮಾರು 6.6 ಲಕ್ಷ ಜನ ತೀರಿಕೊಂಡರು. ಈ ಎರಡು ಅಂಕಿ ಇಷ್ಟು ಹತ್ತಿರ ಇರುವುದಕ್ಕೆ ತಡವಾಗಿ ಸಿಗುವುದೇ ದೊಡ್ಡ ಕಾರಣ. ಅಷ್ಟು ಹೊತ್ತಿಗೆ ಬಹಳಷ್ಟು ಜನರಲ್ಲಿ ಕೋಶಗಳು ನರವನ್ನು ಸೇರಿಯಾಗಿರುತ್ತವೆ.

ಇದನ್ನು ಆಪರೇಷನ್‌ಗೆ ಮೊದಲೇ ಪತ್ತೆ ಮಾಡಬಾರದಾ ಅಂತ ಕೇಳಬಹುದು. ಕಷ್ಟ. ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆಯುವ ಚೂರು ಹೆಚ್ಚಾಗಿ ಮೇಲಿನ ಲೋಳೆಪೊರೆಯದ್ದು, ನರಜಾಲ ಇರುವುದು ಅದರ ಕೆಳಗೆ. ಸಿಟಿ ಸ್ಕ್ಯಾನಿನಲ್ಲಿ ಇಷ್ಟು ಸಣ್ಣ ನರ ಕಾಣುವುದಿಲ್ಲ. ಸ್ಕ್ಯಾನ್ ಚಿತ್ರದ ಸೂಕ್ಷ್ಮ ಮಾದರಿಗಳನ್ನು ಕಂಪ್ಯೂಟರಿಗೆ ಕಲಿಸಿ ಊಹಿಸುವ ಪ್ರಯತ್ನ ನಡೆದಿದೆ. ಸದ್ಯಕ್ಕೆ ನಂಬಬಹುದಾದ ಉತ್ತರ ಬರುವುದು ಕತ್ತರಿಸಿ ತೆಗೆದ ಜಠರವನ್ನು ಮೈಕ್ರೋಸ್ಕೋಪಿನಡಿ ನೋಡಿದ ಮೇಲೆಯೇ.

ಬಂದ ಉತ್ತರದಿಂದ ಏನು ಬದಲಾಗುತ್ತದೆ? ಕಾಯಿಲೆಯ ಹಂತ ಬದಲಾಗುವುದಿಲ್ಲ. ಹಂತವನ್ನು ಲೆಕ್ಕ ಹಾಕುವುದು ಗೋಡೆಯಲ್ಲಿ ಎಷ್ಟು ಆಳ ಹೋಗಿದೆ, ಎಷ್ಟು ನೋಡ್ ಸೇರಿದೆ, ದೂರಕ್ಕೆ ಹರಡಿದೆಯಾ ಅನ್ನುವ ಮೂರರ ಮೇಲೆ. ನರವನ್ನು ಪಕ್ಕದಲ್ಲಿ ಬರೆದಿಡುತ್ತಾರೆ ಅಷ್ಟೇ. ಇದು ಸರಿಯಾ ಅನ್ನುವ ಚರ್ಚೆ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಎಲ್ಲ ಕಡೆ ಒಂದೇ ರೀತಿ ಬಣ್ಣ ಹಾಕಿ, ಒಂದೇ ರೀತಿ ಹುಡುಕುವ ತನಕ ಅದನ್ನು ಹಂತಕ್ಕೆ ಸೇರಿಸದಿರುವುದೇ ವಾಸಿ. ಈಗ ಸೇರಿಸಿದರೆ ಚೆನ್ನಾಗಿ ಹುಡುಕುವ ಲ್ಯಾಬಿನ ರೋಗಿಗಳೆಲ್ಲ ಕಾಗದದ ಮೇಲೆ ಹೆಚ್ಚು ಕಾಯಿಲೆಯವರಾಗಿ ಕಾಣುತ್ತಾರೆ. ಆದರೆ ಒಂದು ಕಡೆ ಈ ಸಾಲಿಗೆ ಈಗಲೇ ತೂಕ ಇದೆ. ಗಡ್ಡೆ ಸ್ನಾಯುವಿಗೆ ಮಾತ್ರ ಇಳಿದಿದೆ, ಯಾವ ನೋಡ್‌ನಲ್ಲೂ ಇಲ್ಲ ಅನ್ನುವ ಗಡಿಯ ಕೇಸುಗಳಲ್ಲಿ ಮುಂದೆ ಚಿಕಿತ್ಸೆ ಬೇಕಾ ಬೇಡವಾ ಅಂತ ಡಾಕ್ಟರ್‌ಗಳು ಯೋಚಿಸುವಾಗ, ಅಮೆರಿಕದ ಎನ್‌ಸಿಸಿಎನ್ (ಕ್ಯಾನ್ಸರ್ ಆಸ್ಪತ್ರೆಗಳ ಒಕ್ಕೂಟ) ಮಾರ್ಗಸೂಚಿ ನರಕ್ಕೆ ತಗುಲಿರುವುದನ್ನು ಅಪಾಯ ಹೆಚ್ಚಿಸುವ ಲಕ್ಷಣಗಳ ಪಟ್ಟಿಯಲ್ಲಿ ಇಟ್ಟಿದೆ. ಅಂಥ ರಿಪೋರ್ಟ್ ಕೈಯಲ್ಲಿದ್ದರೆ 'ಈ ಸಾಲಿನಿಂದ ನನ್ನ ಚಿಕಿತ್ಸೆ ಏನಾದರೂ ಬದಲಾಗುತ್ತದಾ' ಅಂತ ಡಾಕ್ಟರನ್ನು ನೇರವಾಗಿ ಕೇಳಬಹುದು.

ಕೊನೆಗೆ ನೋವಿನ ಮಾತು. ನರಕ್ಕೆ ತಗುಲಿದೆ ಅಂದರೆ ಜೋರು ನೋವು ಇರಲೇಬೇಕು ಅಂತೇನಿಲ್ಲ, ಬಹಳ ಜನರಿಗೆ ಇರುವುದೇ ಇಲ್ಲ. ಕಾಯಿಲೆ ಮುಂದುವರಿದು ಹೊಟ್ಟೆಯ ಮೇಲ್ಭಾಗದ ದೊಡ್ಡ ನರಗಂಟಿನ ಸುತ್ತ ಹಬ್ಬಿದಾಗ ಬೆನ್ನಿಗೆ ಇರಿದ ಹಾಗೆ ನೋವು ಬರಬಹುದು. ಮಾತ್ರೆಗೆ ಬಗ್ಗದಿದ್ದರೆ ಆ ಗಂಟಿಗೆ ಆಲ್ಕೋಹಾಲ್ ಚುಚ್ಚಿ ನೋವಿನ ಸಂಕೇತ ನಿಲ್ಲಿಸುವ ವಿಧಾನ ಇದೆ.

ಕೈಕಾಲು ಜೋಮು ಹಿಡಿಯುವುದು, ಬೆರಳ ತುದಿ ಚುಚ್ಚುವುದು ಮಾತ್ರ ಬೇರೆಯೇ ವಿಷಯ. ನರಕ್ಕೆ ಕ್ಯಾನ್ಸರ್ ಬಂದಿದೆ ಅಂತ ಓದಿದವರು ಇದನ್ನೂ ಅದಕ್ಕೇ ತಳುಕು ಹಾಕಿ ಹೆದರುತ್ತಾರೆ. ಸಾಮಾನ್ಯ ಕಾರಣ ಆಕ್ಸಾಲಿಪ್ಲಾಟಿನ್ ಅನ್ನುವ ಕೀಮೋ ಔಷಧಿ. ತಣ್ಣಗಿನದನ್ನು ಮುಟ್ಟಿದರೆ ಶಾಕ್ ಹೊಡೆದಂತೆ ಆಗುವುದು ಅದರ ಗುರುತು. ಪೂರ್ತಿ ಜಠರ ತೆಗೆಸಿಕೊಂಡವರಲ್ಲಿ ಇನ್ನೊಂದು ಕಾರಣವೂ ಇದೆ. ಆಹಾರದ ಬಿ12 ಹೀರಿಕೊಳ್ಳಲು ಬೇಕಾದ ವಸ್ತು ತಯಾರಾಗುವುದೇ ಜಠರದಲ್ಲಿ. ಅದು ಹೋದ ಮೇಲೆ ಮೈಯಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ಬರುತ್ತದೆ, ಆಮೇಲೆ ನರಗಳು ಸೊರಗುತ್ತವೆ. ಇದಕ್ಕೆ ಇಂಜೆಕ್ಷನ್ ಇದೆ, ಜೀವನಪೂರ್ತಿ ತೆಗೆದುಕೊಳ್ಳಬೇಕು. ಕೀಮೋದಿಂದ ಆಗಿದ್ದರೆ ಡೋಸ್ ಇಳಿಸಬಹುದು ಅಥವಾ ಔಷಧಿ ನಿಲ್ಲಿಸಬಹುದು, ಆದರೆ ಜೋಮು ಶುರುವಾದಾಗಲೇ ಹೇಳಬೇಕು. ಮುಂದಿನ ಸೈಕಲ್ ಮುಗಿಯಲಿ ಅಂತ ಕಾಯುತ್ತಾ ಹೋದರೆ ಕೆಲವರಲ್ಲಿ ಅದು ಖಾಯಂ ಆಗಿ ಉಳಿದುಬಿಡುತ್ತದೆ.